ಅಂಚು, ಬದು, ಸೆರಗು: ‘ಇಕೋಟೋನ್’ ಎಂಬ ಪದದ ಜಾಡಿನಲ್ಲಿ

(ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಗ್ರಾಮಸ್ಥರಿಗಾಗಿ ಮತ್ತು ವಿದ್ಯಾರ್ಥಿಗಳಿಗಾಗಿ ನಡೆದ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಶಿಬಿರದ ಸಂಘಟಕರು ನನಗೆ ಒಪ್ಪಿಸಿದ ವಿಷಯ ‘ಕಾಡಂಚಿನ ಬೇಸಾಯ’. ಅದಕ್ಕೆಂದು ಸಿದ್ಧಪಡಿಸಿಕೊಂಡು ಬಂದಿದ್ದ ಟಿಪ್ಪಣಿಗಳನ್ನು ನಾನೀಗ ಬದಿಗಿಡುತ್ತಿದ್ದೇನೆ. ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಗ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಬಂದು, ‘ಸಾರ್, ಇಕೋಟೋನ್ ಎನ್ನುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?’ ಎಂದು ಕೇಳಿದಳು. ನಾನು ಥಟ್ಟನೆ ‘ಸಂಕ್ರಮಣ ವಲಯ’ ಎಂದೆ. ಆಕೆ ಬರೆದುಕೊಂಡಳು. ಆದರೆ ಅರ್ಥವಾದ ಲಕ್ಷಣ ಆ ಮುಖದಲ್ಲಿ ಕಾಣಲಿಲ್ಲ. ಇಪ್ಪತ್ತು ವರ್ಷಗಳಿಂದ ಆ ಪದವನ್ನು ಬಳಸುತ್ತಿರುವ ನಾನೂ ಅದನ್ನು ಅರ್ಥಮಾಡಿಕೊಂಡು ಹೇಳಿದೆನೇ ಎಂಬ ಅನುಮಾನ ಆಗ ಹುಟ್ಟಿತು. ಆದ್ದರಿಂದ ಇಂದು ಆ ಒಂದು ಪದವನ್ನೇ ಹಿಡಿದು ಮಾತನಾಡುತ್ತೇನೆ. ಬೇಸಾಯ ಅದರೊಳಗೇ ಬರುತ್ತದೆ.

ಇಕೋಟೋನ್ ಎಂಬುದು ಎರಡು ಗ್ರೀಕ್ ಪದಗಳ ಜೋಡಣೆ. ಮೊದಲನೆಯದು ‘ಓಯ್ಕೋಸ್’, ಎಂದರೆ ಮನೆ. ಇದೇ ಪದವನ್ನು ಹಿಡಿದು ಜರ್ಮನಿಯ ಅರ್ನ್ಸ್ಟ್ ಹೆಕೆಲ್ 1866ರಲ್ಲಿ ಇಕಾಲಜಿ ಎಂಬ ಶಾಸ್ತ್ರಕ್ಕೆ ಹೆಸರಿಟ್ಟರು. ಎರಡನೆಯದು ‘ಟೋನೋಸ್’, ಎಂದರೆ ಬಿಗಿತ, ಎಳೆತ, ಸೆಳೆತ. ಅಮೆರಿಕದ ಸಸ್ಯಶಾಸ್ತ್ರಜ್ಞ ಬರ್ಟನ್ ಲಿವಿಂಗ್‌ಸ್ಟನ್ ಅವರ 1903ರ ಬರಹದಲ್ಲಿ ಈ ಪದ ಕಾಣಿಸಿಕೊಂಡಿತು. ಫ್ರೆಡೆರಿಕ್ ಕ್ಲೆಮೆಂಟ್ಸ್ 1905ರಲ್ಲಿ ಪ್ರಕಟಿಸಿದ ಸಸ್ಯಪರಿಸರ ಸಂಶೋಧನಾ ವಿಧಾನಗಳ ಗ್ರಂಥದಿಂದಾಗಿ ಅದು ಶಾಸ್ತ್ರದಲ್ಲಿ ನೆಲೆನಿಂತಿತು. ಒಂದು ಬಗೆಯ ಸಸ್ಯಸಮುದಾಯ ಇನ್ನೊಂದನ್ನು ಸಂಧಿಸಿ, ಒಂದನ್ನೊಂದು ನೂಕುತ್ತ ಎಳೆಯುತ್ತ ನಿಂತಿರುವ ಸ್ಥಳವೇ ಇಕೋಟೋನ್.

ಟೋನೋಸ್ ನಮಗೆ ಅಪರಿಚಿತವಾದ ಪದವೇನಲ್ಲ. ಅದರ ಮೂಲಧಾತುವಿಗೆ ಎಳೆ, ಚಾಚು, ಹಿಗ್ಗಿಸು ಎಂಬ ಅರ್ಥವಿದೆ. ಸಂಸ್ಕೃತದ ‘ತನ್’ ಧಾತು ಅದರ ಸೋದರ. ತಂತು, ತಂತ್ರ, ಸಂಗೀತದ ತಾನ, ನಾವು ದಿನವೂ ಆಡುವ ತಂತಿ ಎಲ್ಲವೂ ಆ ‘ತನ್’ ಧಾತುವಿನಿಂದ ಬಂದವು. ತಂಬೂರಿಯ ತಂತಿಯನ್ನು ನೆನೆದುಕೊಳ್ಳಿ. ಎರಡು ತುದಿಗಳ ನಡುವೆ ಬಿಗಿದಾಗ ಮಾತ್ರ ಅದು ನುಡಿಯುತ್ತದೆ. ಇಂಗ್ಲಿಷಿನಲ್ಲಿ ಸ್ವರವನ್ನು ಟೋನ್ ಎನ್ನುವುದೂ ಇದೇ ಕಾರಣದಿಂದ. (ಉತ್ಸಾಹದಲ್ಲಿ ಕನ್ನಡದ ‘ತೆಳು’ವನ್ನೂ ಈ ಬಳಗಕ್ಕೆ ಸೇರಿಸಬೇಡಿ. ಅದು ದ್ರಾವಿಡ ಪದ, ಅದರ ಮನೆತನ ಬೇರೆ.)

ಅಂಚಿಗೆ ಇಂಗ್ಲಿಷಿನಲ್ಲಿರುವ ಸಾಮಾನ್ಯ ಪದ ಎಜ್. ಹಳೆಯ ಇಂಗ್ಲಿಷಿನಲ್ಲಿ ಅದು ಖಡ್ಗದ ಅಲಗನ್ನು ಹೇಳುತ್ತಿತ್ತು. ಅದರ ಮೂಲದಲ್ಲಿರುವ ಅರ್ಥ ಹರಿತ, ಮೊನಚು. ಸಂಸ್ಕೃತದ ‘ಅಶ್ರಿ’ ಅದರ ಸಂಬಂಧಿ. ತಾಳದ ಲೆಕ್ಕದಲ್ಲಿ ನೀವು ಕೇಳಿರುವ ಚತುರಶ್ರ ಎಂಬ ಪದದಲ್ಲಿ ಇದೇ ಅಶ್ರಿ, ಎಂದರೆ ಕೋನ, ಅಡಗಿದೆ. ಅಂದರೆ ಎಜ್ ಎಂದಾಗ ಆ ಭಾಷೆಯವರ ಮನಸ್ಸಿನಲ್ಲಿ ಮೊದಲು ಮೂಡಿದ್ದು ಕತ್ತರಿಸುವ ವಸ್ತು. ಬೇಲಿಗೆ ಅವರಲ್ಲಿರುವ ಹೆಜ್ ಎಂಬ ಪದ ಕಿವಿಗೆ ಎಜ್‌ನಂತೆಯೇ ಕೇಳಿದರೂ ಅದಕ್ಕೂ ಇದಕ್ಕೂ ರಕ್ತಸಂಬಂಧವಿಲ್ಲ.

ನಮ್ಮ ಕನ್ನಡದಲ್ಲಿ ಎಷ್ಟು ಪದಗಳಿವೆ ನೋಡಿ: ಅಂಚು, ಎಲ್ಲೆ, ಮೇರೆ, ಗಡಿ, ಸೀಮೆ, ದಡ, ಬದು, ಸೆರಗು. ಇವು ಒಂದೇ ಅರ್ಥದವೆಂದು ನಿಘಂಟು ಹೇಳಿದರೂ ನಮ್ಮ ನಾಲಗೆ ಒಪ್ಪುವುದಿಲ್ಲ. ಗಡಿ ಎಂದೊಡನೆ ಜಗಳದ ವಾಸನೆ ಬರುತ್ತದೆ. ಮೇರೆ ಎಂದರೆ ಮೀರಬಾರದ್ದು. ದಡಕ್ಕೆ ನೀರು ಬೇಕು. ಬದುವಿಗೆ ಹೊಲ ಬೇಕು. ಸೆರಗಿನ ವಿಚಾರವೇ ಬೇರೆ. ಸೀರೆಯ ಅಂಚು ಎಂದರೆ ಉದ್ದಕ್ಕೂ ಓಡುವ ಒಂದು ಪಟ್ಟಿ, ಆದರೆ ಸೆರಗು ಅಗಲವಾದುದು. ಅದಕ್ಕೆ ತನ್ನದೇ ನೇಯ್ಗೆಯುಂಟು, ತನ್ನದೇ ಬಣ್ಣವುಂಟು, ಮಗುವನ್ನು ಹೊದಿಸಲೂ ಮಡಿಲಕ್ಕಿ ಕಟ್ಟಿಕೊಳ್ಳಲೂ ಅದು ಬೇಕು. ‘ಸಹ್ಯಾದ್ರಿಯ ಸೆರಗಿನಲ್ಲಿರುವ ಊರು’ ಎಂದು ನಮ್ಮ ಜನ ಆಡುವಾಗ ಅವರ ಮನಸ್ಸಿನಲ್ಲಿರುವುದು ನಕ್ಷೆಯ ಗೆರೆಯಲ್ಲ. ವಾಸಿಸಬಹುದಾದಷ್ಟು ಅಗಲವಿರುವ ಒಂದು ನೆಲ. ಈಗ ಆ ವಿದ್ಯಾರ್ಥಿನಿಗೆ ನನ್ನ ಉತ್ತರ ಇದು: ಪರೀಕ್ಷೆಯಲ್ಲಿ ‘ಸಂಕ್ರಮಣ ವಲಯ’ ಎಂದು ಬರಿ, ಅಂಕ ಸಿಗುತ್ತದೆ. ಮನೆಯಲ್ಲಿ ಅಜ್ಜಿಗೆ ಹೇಳುವಾಗ ‘ಸೆರಗು’ ಎನ್ನು.

ನಾವಿಂದು ಕುಳಿತಿರುವುದೂ ಅಂಥ ಸೆರಗಿನಲ್ಲೇ. ಕೃಷಿ ಇಲಾಖೆಯ ಲೆಕ್ಕದಲ್ಲಿ ಕರ್ನಾಟಕಕ್ಕೆ 10 ಕೃಷಿ ಹವಾಮಾನ ವಲಯಗಳಿವೆ. ತೀರ್ಥಹಳ್ಳಿ, ಹೊಸನಗರಗಳು 9ನೆಯದಾದ ಗುಡ್ಡಗಾಡು ವಲಯಕ್ಕೆ ಸೇರಿದರೆ ಜಗಳೂರು 4ನೆಯದಾದ ಮಧ್ಯ ಒಣ ವಲಯಕ್ಕೆ ಸೇರುತ್ತದೆ. ಹೊನ್ನಾಳಿ, ಚನ್ನಗಿರಿ, ಶಿಕಾರಿಪುರ, ಭದ್ರಾವತಿಗಳಿರುವುದು 7ನೆಯದರಲ್ಲಿ. ಅದರ ಹೆಸರೇ ದಕ್ಷಿಣ ಸಂಕ್ರಮಣ ವಲಯ. ಜನರ ಬಾಯಲ್ಲಿ ಅದು ಅರೆಮಲೆನಾಡು. ಆಡಳಿತಕ್ಕೂ ಈ ನೆಲ ಎಲ್ಲಿಗೆ ಸೇರಬೇಕೆಂಬುದು ಸುಲಭವಾಗಿ ತಿಳಿದಂತಿಲ್ಲ. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಅನಂತರ ಹೊಸದಾಗಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಬಂದವು. ಮುಂದೆ ಹೊನ್ನಾಳಿಯಿಂದ ನ್ಯಾಮತಿ ಪ್ರತ್ಯೇಕ ತಾಲ್ಲೂಕಾಯಿತು. ಮಳೆಗೆ ಮಾತ್ರ ಈ ಯಾವ ಸರಕಾರಿ ಆದೇಶವೂ ತಲುಪಿಲ್ಲ.

ಆಗುಂಬೆಯಿಂದ ಜಗಳೂರಿಗೆ ಒಮ್ಮೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಹೋಗಿ. ದಾರಿ ಸುಮಾರು 200 ಕಿಲೋಮೀಟರ್. ಹೊರಟ ಊರಿನಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸಿನ ಮಳೆ, ತಲುಪುವ ಊರಿನಲ್ಲಿ ಅದರ ಹತ್ತರಲ್ಲೊಂದು ಭಾಗಕ್ಕೂ ಆಕಾಶ ನೋಡಬೇಕು. ಮೊದಲು ನಿತ್ಯಹರಿದ್ವರ್ಣದ ಕತ್ತಲೆ. ಶಿವಮೊಗ್ಗದ ಹೊತ್ತಿಗೆ ತೇಗ, ಮತ್ತಿ, ಹೊನ್ನೆ, ನಂದಿ. ಸವಳಂಗ ದಾಟಿದ ಮೇಲೆ ದಿಂಡಿಗ, ಮುತ್ತುಗ, ಕಗ್ಗಲಿ. ಕೊನೆಗೆ ಜಾಲಿ, ಕಮರ. ಹೆಂಚಿನ ಮನೆಗಳ ನಡುವೆ ಮಾಳಿಗೆ ಮನೆಗಳು ಒಂದೊಂದಾಗಿ ಕಾಣಿಸುತ್ತವೆ. ಊಟದ ತಟ್ಟೆಯಲ್ಲಿ ಅನ್ನದ ಪಕ್ಕಕ್ಕೆ ರೊಟ್ಟಿ ಬರುತ್ತದೆ. ಈಗ ಹೇಳಿ: ಮಲೆನಾಡು ಯಾವ ಮೈಲಿಗಲ್ಲಿನಲ್ಲಿ ಮುಗಿಯಿತು?

ಈ ಪ್ರಶ್ನೆಯ ಮೇಲೆ ಶಾಸ್ತ್ರಜ್ಞರೂ ಜಗಳವಾಡಿದ್ದಾರೆ. ಕ್ಲೆಮೆಂಟ್ಸ್ ದೃಷ್ಟಿಯಲ್ಲಿ ಸಸ್ಯಸಮುದಾಯವೆಂಬುದು ಒಂದು ದೇಹವಿದ್ದಂತೆ, ಆದ್ದರಿಂದ ಅದಕ್ಕೊಂದು ಎಲ್ಲೆಯಿರಬೇಕು. ಹೆನ್ರಿ ಗ್ಲೀಸನ್ 1926ರಲ್ಲಿ ಇದನ್ನು ಪ್ರಶ್ನಿಸಿದರು. ಪ್ರತಿಯೊಂದು ಜಾತಿಯ ಗಿಡವೂ ತನಗೆ ಒಗ್ಗುವ ನೆಲ ನೀರು ಎಲ್ಲಿಯವರೆಗೆ ಸಿಗುತ್ತದೆಯೋ ಅಲ್ಲಿಯವರೆಗೆ ಹೋಗುತ್ತದೆ, ಎಲ್ಲವೂ ಒಟ್ಟಿಗೆ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ ಎಂಬುದು ಅವರ ವಾದ. ನಮ್ಮ ಬಸ್ಸಿನ ಕಿಟಕಿ ಗ್ಲೀಸನ್ ಅವರ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಮತ್ತಿ ಒಂದು ಕಡೆ ನಿಂತರೆ ಹೊನ್ನೆ ಇನ್ನೊಂದು ಕಡೆ ನಿಲ್ಲುತ್ತದೆ. ಆ ನಿಲುಗಡೆಗಳೆಲ್ಲ ಸೇರಿದ ಅಗಲವೇ ಸೆರಗು.

ಆದರೆ ‘ಅರೆ’ಮಲೆನಾಡು ಎಂಬ ಹೆಸರಿನ ಬಗ್ಗೆ ನನಗೊಂದು ತಕರಾರಿದೆ. ಅರೆ ಎಂದಾಗ ಏನೋ ಕೊರತೆಯಾದಂತೆ, ಪೂರ್ತಿಯಾಗದೆ ಉಳಿದದ್ದು ಎಂಬಂತೆ ಕೇಳಿಸುತ್ತದೆ. ಅಂಚಿನ ನೆಲವೆಂದರೆ ಎರಡರ ಅರ್ಧರ್ಧವಲ್ಲ. ಎರಡೂ ಕಡೆಯ ಜೀವಿಗಳು ಅಲ್ಲಿರುತ್ತವೆ, ಜೊತೆಗೆ ಅಂಚನ್ನೇ ಮನೆಮಾಡಿಕೊಂಡ ಜೀವಿಗಳೂ ಇರುತ್ತವೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು 2011ರಲ್ಲಿ ವನ್ಯಧಾಮವಾಯಿತು. ಅದು ಕೊಂಡುಕುರಿಗಾಗಿ ಮೀಸಲಾದ ಧಾಮ. ನಾಲ್ಕು ಕೊಂಬಿನ ಈ ಪುಟ್ಟ ಪ್ರಾಣಿಗೆ ದಟ್ಟ ಮಳೆಕಾಡೂ ಬೇಡ, ಬೋಳು ಬಯಲೂ ಬೇಡ. ಮರ, ಪೊದೆ, ಹುಲ್ಲು ಮೂರೂ ಬೆರೆತ, ಏರುತಗ್ಗಿನ, ನೀರು ದೂರವಿಲ್ಲದ ಒಣಕಾಡು ಬೇಕು. ಅದನ್ನು ಅರೆಪ್ರಾಣಿ ಎನ್ನಲು ಸಾಧ್ಯವೇ?

ಅಮೆರಿಕದ ಆಲ್ಡೊ ಲಿಯೊಪೋಲ್ಡ್ ಅವರು 1933ರ ತಮ್ಮ ವನ್ಯಜೀವಿ ನಿರ್ವಹಣೆಯ ಗ್ರಂಥದಲ್ಲಿ ಈ ಅಂಚಿನ ಪ್ರಭಾವವನ್ನು ವಿವರಿಸಿದರು. ಕಾಡೂ ಬಯಲೂ ಸೇರುವೆಡೆಯಲ್ಲಿ ಮೇವು, ಮರೆ ಎರಡೂ ಹತ್ತಿರದಲ್ಲೇ ಸಿಗುವುದರಿಂದ ಪ್ರಾಣಿಪಕ್ಷಿಗಳು ಅಲ್ಲಿ ಹೆಚ್ಚು ಎಂಬುದು ಅದರ ತಿರುಳು. ಅದರಿಂದಾಗಿ ಅಂಚು ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆ ಬಹುಕಾಲ ಉಳಿಯಿತು. ಇದು ಅಪಾಯದ ಮಾತು. ವಿದ್ಯಾರ್ಥಿಗಳು ಈಗ ಒಂದು ಲೆಕ್ಕ ಮಾಡಬೇಕು. 1 ಕಿಲೋಮೀಟರ್ ಉದ್ದ, 1 ಕಿಲೋಮೀಟರ್ ಅಗಲದ ಚೌಕ ಕಾಡೊಂದಿದೆಯೆನ್ನಿ. ವಿಸ್ತೀರ್ಣ 100 ಹೆಕ್ಟೇರ್, ಸುತ್ತಲಿನ ಅಂಚು 4 ಕಿಲೋಮೀಟರ್. ಗಾಳಿ, ಬಿಸಿಲು, ಬೆಂಕಿ, ದನಗಳ ಪ್ರಭಾವ ಅಂಚಿನಿಂದ ಒಳಕ್ಕೆ 50 ಮೀಟರಿನವರೆಗೆ ತಟ್ಟುತ್ತದೆಂದು ಹಿಡಿದರೂ ಒಳಗೆ 81 ಹೆಕ್ಟೇರ್ ನಿಜವಾದ ಕಾಡು ಉಳಿಯುತ್ತದೆ. ಅದೇ ಕಾಡನ್ನು ಒಂದೊಂದು ಹೆಕ್ಟೇರಿನ ನೂರು ತುಂಡುಗಳಾಗಿ ಚದುರಿಸಿ. ವಿಸ್ತೀರ್ಣ ಅಷ್ಟೇ, 100 ಹೆಕ್ಟೇರ್. ಅಂಚು 40 ಕಿಲೋಮೀಟರ್. ಒಳಗಾಡು ಎಷ್ಟು ಉಳಿಯಿತು? ಸೊನ್ನೆ. ಕಡತದಲ್ಲಿ ಕಾಡಿನ ವಿಸ್ತೀರ್ಣ ಒಂದು ಗುಂಟೆಯೂ ಕಡಿಮೆಯಾಗಿಲ್ಲ, ಆದರೆ ಕಾಡೇ ಇಲ್ಲ.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೆ ಜ್ವರ ಬಂದು ಮಂಗನ ಕಾಯಿಲೆ ಜಗತ್ತಿಗೆ ಗೊತ್ತಾಯಿತು. ಅದನ್ನು ಹರಡುವುದು ಉಣುಗು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ತೇವದ ಕಾಡು ಮತ್ತು ತೋಟಗಳು ಬೆರೆತಿರುವ, ದನಗಳ ಓಡಾಟ ಹೆಚ್ಚಿರುವ ಕಡೆಗಳಲ್ಲಿ ಈ ಕಾಯಿಲೆಯ ಅಪಾಯ ಹೆಚ್ಚೆಂದು ತೋರಿಸಿತು. ಸೊಪ್ಪು ತರಲು, ದರಗು ಗುಡಿಸಲು, ದನ ಹೊಡೆದುಕೊಂಡು ಹೋಗುವವರು ಈ ಬೆರಕೆ ನೆಲದಲ್ಲೇ ಓಡಾಡುವವರು. ಹೊಸದಾಗಿ ಸೀಳಿದ ಕಾಡಿನ ಅಂಚಿಗೆ ಮೊದಲು ಬಂದು ಕೂರುವುದು ಲಂಟಾನ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ ಗಿಡ ಅದು. ಇಂದು ಅದು ಹೊಕ್ಕದ ಕಾಡು ನಮ್ಮಲ್ಲಿ ಅಪರೂಪ.

ಹಾಗಾದರೆ ಅಂಚು ಒಳ್ಳೆಯದೋ ಕೆಟ್ಟದ್ದೋ? ಇಲ್ಲಿ ಆ ಎರಡು ಪದಗಳು ನಮ್ಮ ನೆರವಿಗೆ ಬರುತ್ತವೆ. ಬುಲ್ಡೋಜರು ಒಂದೇ ದಿನದಲ್ಲಿ ಕೊರೆದು ಮಾಡುವುದು ಎಜ್, ಖಡ್ಗದ ಅಲಗು. ಅದರ ಒಂದು ಬದಿಗೆ ನೂರಡಿಯ ಮರ, ಇನ್ನೊಂದು ಬದಿಗೆ ಬೋಳು ನೆಲ. ಮರ, ಅದರ ಮುಂದೆ ಕಿರುಮರ, ಅದರ ಮುಂದೆ ಪೊದೆ, ಬಳ್ಳಿ, ಹುಲ್ಲು ಹೀಗೆ ಕಾಲಾನುಕಾಲಕ್ಕೆ ಇಳಿದು ಬಂದು ಹೊಲವನ್ನು ಮುಟ್ಟುವ ಅಂಚು ಸೆರಗು. ಅಲ್ಲಿ ಗಾಳಿ ಒಮ್ಮೆಲೇ ಒಳನುಗ್ಗದು. ನಮ್ಮ ಹಿರಿಯರು ಕಾನು, ಸೊಪ್ಪಿನಬೆಟ್ಟ, ಹಕ್ಕಲು, ಗೋಮಾಳ, ಗದ್ದೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೆಸರಿಟ್ಟಿದ್ದರು. ಈಗ ನಡುವಿನ ಮೆಟ್ಟಿಲುಗಳನ್ನೆಲ್ಲ ಕಿತ್ತು, ಕಾಡು ಮತ್ತು ತೋಟ ಎಂಬ ಎರಡೇ ಉಳಿಸಿದ್ದೇವೆ. ಆಮೇಲೆ ಕಾಡುಹಂದಿ ನೇರವಾಗಿ ತೋಟಕ್ಕೆ ಇಳಿಯಿತೆಂದು ದೂರುತ್ತೇವೆ.

ಕೆರೆಯಲ್ಲೂ ಇದೇ ಕತೆ. ಚನ್ನಗಿರಿಯ ಸೂಳೆಕೆರೆಗೆ, ಎಂದರೆ ಶಾಂತಿಸಾಗರಕ್ಕೆ, ಹೋದಾಗ ನೀರಿನ ಹರಹು ನೋಡಿ ಬೆರಗಾಗಿ ಬರುತ್ತೇವೆ. ನೀರು ಇಳಿದಾಗ ಬಯಲಾಗಿ, ಏರಿದಾಗ ಮುಳುಗುವ ನೆಲಕ್ಕೆ ನಮ್ಮವರು ಕೆರೆಯಂಗಳ ಎಂಬ ಚಂದದ ಹೆಸರಿಟ್ಟರು. ಮನೆಗೆ ಅಂಗಳವಿರುವಂತೆ ಕೆರೆಗೂ ಒಂದು ಅಂಗಳ. ಅದು ಖಾಲಿ ಜಾಗವೆಂದು ತಿಳಿದವರೇ ನಾಡಿನ ಕೆರೆಗಳನ್ನೆಲ್ಲ ಅಂಚಿನಿಂದ ತಿಂದುಕೊಂಡು ಬಂದಿದ್ದಾರೆ.

ಈಗ ಹೊಲಕ್ಕೆ ಬರೋಣ, ಏಕೆಂದರೆ ಇಲ್ಲಿ ನಾನೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ರೈತರ ಸಭೆಗಳಲ್ಲಿ ನಾನು ತಪ್ಪದೆ ಹೇಳುತ್ತಿದ್ದ ಮಾತೊಂದಿತ್ತು: ‘ಬದುಗಳನ್ನು ಸ್ವಚ್ಛವಾಗಿಡಿ, ಕಳೆಯೇ ಕೀಟದ ತವರು.’ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಕೆಲವು ಕೀಟಗಳೂ ರೋಗಗಳೂ ಬದುವಿನ ಹುಲ್ಲಿನಲ್ಲಿ ಉಳಿದುಕೊಳ್ಳುವುದು ನಿಜ. ಆದರೆ ಆ ಹುಲ್ಲಿನಲ್ಲಿ ಮತ್ತೇನಿದೆ ಎಂದು ನಾನು ಬಗ್ಗಿ ನೋಡಿರಲಿಲ್ಲ. ಒಮ್ಮೆ ಹೊನ್ನಾಳಿ ಕಡೆಯ ಹಿರಿಯ ರೈತರೊಬ್ಬರು ಸಭೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ‘ಸ್ವಾಮೀ, ಬದ ಕೆತ್ತಿದ್ಮ್ಯಾಲೆ ಜ್ಯಾಡ ಎಲ್ಲಿ ಮನಗ್ತತಿ?’ ಎಂದು ಕೇಳಿದರು. ನಗುತ್ತ ಏನೋ ಹೇಳಿ ಜಾರಿಕೊಂಡೆ. ಆ ಪ್ರಶ್ನೆಗೆ ಉತ್ತರ ಓದಲು ನನಗೆ ಹಲವು ವರ್ಷ ಬೇಕಾಯಿತು. ಜೇಡ, ಗುಲಗಂಜಿ ಹುಳು, ನೆಲದ ದುಂಬಿ, ಪೀಡೆಯ ಮೊಟ್ಟೆಯೊಳಗೆ ಮೊಟ್ಟೆಯಿಡುವ ಸೂಕ್ಷ್ಮ ಕಣಜ ಇವೆಲ್ಲ ಬೆಳೆ ಕೊಯ್ದು ಉತ್ತ ಮೇಲೆ ಉಳಿಯುವುದು ಬದುವಿನಲ್ಲಿ. ಮುಂದಿನ ಬೆಳೆಗೆ ಅವು ಅಲ್ಲಿಂದಲೇ ಮರಳಬೇಕು. ಚೀನಾ, ಥಾಯ್ಲೆಂಡ್, ವಿಯೆಟ್ನಾಂಗಳ ಭತ್ತದ ಗದ್ದೆಗಳ ಬದುಗಳಲ್ಲಿ ಎಳ್ಳಿನಂಥ ಹೂಬಿಡುವ ಗಿಡಗಳನ್ನು ಬೆಳೆಸಿ ನಡೆಸಿದ ಪ್ರಯೋಗಗಳ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಕೀಟನಾಶಕದ ಸಿಂಪಡಣೆ ಶೇ. 70ರಷ್ಟು ಇಳಿದಿತ್ತು, ಇಳುವರಿ ಶೇ. 5ರಷ್ಟು ಏರಿತ್ತು. ಎಳ್ಳು! ನಮ್ಮ ಅಕ್ಕಡಿ ಸಾಲಿನ ಎಳ್ಳು. ಅಕ್ಕಡಿ ಸಾಲೆಂದರೆ ಹೊಲದ ಒಳಗೇ ನೇಯ್ದ ಅಂಚುಗಳು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸುತ್ತ ಹರಳು. ಅದನ್ನು ಹಿಂದುಳಿದ ಪದ್ಧತಿಯೆಂದು ಬಿಡಿಸಿದವರಲ್ಲಿ ನನ್ನ ವೃತ್ತಿಯವರೂ ಇದ್ದಾರೆ.

ಮೆಕ್ಕೆಜೋಳ ಹಾಕಿರುವವರು ಇನ್ನೊಂದು ಮಾತು ಕೇಳಬೇಕು. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದಲ್ಲಿ. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಗುರುತಿಸಿದರು. ಬಯಲು ಕಣ್ಣು ಹಾಯುವಷ್ಟೂ ಒಂದೇ ಬೆಳೆಯಿದ್ದರೆ ಅದಕ್ಕೆ ತಡೆಯೆಲ್ಲಿ? ಕೆನ್ಯಾದ ಕೀಟಶಾಸ್ತ್ರ ಕೇಂದ್ರವೊಂದು ಜೋಳದ ಕಾಂಡಕೊರಕಕ್ಕಾಗಿ ಒಂದು ಉಪಾಯವನ್ನು ರೂಪಿಸಿತ್ತು. ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಗಿಡ, ಅದರ ವಾಸನೆ ಪತಂಗವನ್ನು ಹೊರಕ್ಕೆ ತಳ್ಳುತ್ತದೆ. ಹೊಲದ ಸುತ್ತ ನೇಪಿಯರ್ ಅಥವಾ ಬ್ರಾಕಿಯೇರಿಯ ಹುಲ್ಲು, ಅದು ಪತಂಗವನ್ನು ತನ್ನತ್ತ ಸೆಳೆಯುತ್ತದೆ. ಪೂರ್ವ ಆಫ್ರಿಕದಲ್ಲಿ ಅದು ಸೈನಿಕ ಹುಳುವನ್ನೂ ಬಹಳ ಮಟ್ಟಿಗೆ ತಗ್ಗಿಸಿತೆಂದು 2018ರಲ್ಲೇ ವರದಿಯಾಯಿತು. ನಮ್ಮ ಮಳೆಗೆ, ನಮ್ಮ ಮಣ್ಣಿಗೆ ಅದನ್ನು ಹಾಗೆಯೇ ತಂದು ಹಾಕಿರೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿ ಹಿಂದೊಮ್ಮೆ ಪಾಠ ಕಲಿತಿದ್ದೇನೆ. ಆದರೆ ತಳ್ಳುವುದು, ಸೆಳೆಯುವುದು ಎಂಬಲ್ಲಿ ಆ ಟೋನೋಸ್ ನಿಮಗೆ ಕೇಳಿಸಿತೇ?

ಇಷ್ಟು ಹೇಳಿ ‘ಎಲ್ಲರೂ ಬದು ಬಿಡಿ’ ಎಂದು ಉಪದೇಶಿಸಿ ಹೊರಟುಬಿಡುವುದು ನನಗೆ ಸುಲಭ. ಆದರೆ ಅದು ನ್ಯಾಯವಲ್ಲ. ಮಾರ್ಜಿನ್ ಎಂಬ ಇನ್ನೊಂದು ಅಂಚಿನ ಪದವಿದೆ, ಲ್ಯಾಟಿನ್ನಿನಿಂದ ಬಂದದ್ದು. ನೋಟ್ ಪುಸ್ತಕದ ಎಡಬದಿಯಲ್ಲಿ ನೀವು ಹಾಕುವ ಗೆರೆ ಅದೇ. ಸರಕಾರದ ಭಾಷೆಯಲ್ಲಿ 1 ಹೆಕ್ಟೇರಿಗಿಂತ ಕಡಿಮೆ ಸಾಗುವಳಿಯುಳ್ಳವನು ಮಾರ್ಜಿನಲ್ ರೈತ. ಕನ್ನಡದ ಅರ್ಜಿಗಳಲ್ಲಿ ಅವನು ಅತಿಸಣ್ಣ ರೈತ. 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಶೇ. 68ರಷ್ಟು ಇವರವೇ. ಪುಟದ ಮೂರರಲ್ಲಿ ಎರಡು ಭಾಗವೇ ಮಾರ್ಜಿನ್ನಿನಲ್ಲಿದ್ದರೆ ಅದೆಂಥ ಪುಟ?

ಈಗ ಮತ್ತೆ ಲೆಕ್ಕ. 1 ಎಕರೆಯ ಚೌಕ ಹೊಲದ ಸುತ್ತಳತೆ ಸುಮಾರು 254 ಮೀಟರ್. ಬದುವಿಗೆಂದು ತನ್ನ ಬದಿಯಿಂದ ಅರ್ಧ ಮೀಟರ್ ಬಿಟ್ಟರೆ ಒಂದೂಕಾಲು ಗುಂಟೆ ಹೋಯಿತು, 40 ಗುಂಟೆಯಲ್ಲಿ. 10 ಎಕರೆಯವನು ಅಷ್ಟೇ ಅಗಲ ಬಿಟ್ಟರೆ 400 ಗುಂಟೆಯಲ್ಲಿ 4 ಗುಂಟೆ ಹೋಗುತ್ತದೆ. ದೊಡ್ಡವನು ನೂರಕ್ಕೆ ಒಂದು ಪಾಲು ಕೊಟ್ಟಲ್ಲಿ ಸಣ್ಣವನು ಮೂರು ಪಾಲು ಕೊಡಬೇಕು. ಕಾಡನ್ನು ತುಂಡರಿಸಿದಾಗ ಏನಾಯಿತೋ ಹಿಡುವಳಿ ತುಂಡಾದಾಗಲೂ ಅದೇ ಆಗುತ್ತದೆ: ತುಂಡು ಚಿಕ್ಕದಾದಷ್ಟೂ ಅಂಚಿನ ಭಾರ ಹೆಚ್ಚು. ಅಣ್ಣತಮ್ಮಂದಿರು ಪಾಲಾದ ಮೇಲೆ ವರ್ಷಕ್ಕೊಂದು ಸಾಲು ಬದುವಿನೊಳಕ್ಕೆ ನೇಗಿಲು ಹೋಗುವುದು ದುರಾಸೆಯಿಂದಲೇ ಎಂದು ಹೇಳಲಾರೆ. ಟ್ರಾಕ್ಟರು ಬಂದ ಮೇಲೆ ಅದು ಇನ್ನೂ ಸುಲಭವಾಯಿತು. ಬದು ಹೋಯಿತು, ಬಾಂದುಕಲ್ಲು ಹೂತುಹೋಯಿತು, ಕಳ್ಳಿ ಕತ್ತಾಳೆಯ ಬೇಲಿ ಹೋಗಿ ತಂತಿ ಬಂತು. ಇದೂ ಬಿಗಿದು ಕಟ್ಟಿದ ತಂತಿಯೇ, ಆದರೆ ನುಡಿಯುವುದಿಲ್ಲ. ಆದ್ದರಿಂದ ಬದುವನ್ನು ಉಳಿಸಬೇಕೆಂದು ಸಮಾಜ ಬಯಸುವುದಾದರೆ ಆ ಒಂದೂಕಾಲು ಗುಂಟೆಯ ಫಸಲಿನ ಬೆಲೆಯನ್ನು ಅತಿಸಣ್ಣ ರೈತನ ತಲೆಯ ಮೇಲೆ ಹೊರಿಸಬಾರದು. ಹುಲ್ಲು, ಹೊಂಗೆ, ಹರಳು, ಎಳ್ಳು ಹೀಗೆ ಬದುವೇ ಏನನ್ನಾದರೂ ಕೊಡುವಂತಿರಬೇಕು, ಇಲ್ಲವೇ ಸರಕಾರ ಅದಕ್ಕೆ ಲೆಕ್ಕ ಹಾಕಿ ಹಣ ಕೊಡಬೇಕು. ಕಂದಾಯ ದಾಖಲೆಯಲ್ಲಿ ಹಳ್ಳ, ದಾರಿಗಳು ‘ಬ ಖರಾಬು’. ಅಂಚಿಗೆ ನಾವು ಕೊಟ್ಟ ಸರಕಾರಿ ಹೆಸರೇ ಖರಾಬು!

ಈ ಊರಿನಲ್ಲಿ ನಿಂತು ಅಂಚಿನ ಜನರ ಬಗ್ಗೆ ಮಾತನಾಡದೆ ಇರಲಾಗದು. 1739ರಲ್ಲಿ ಸಂತ ಸೇವಾಲಾಲರು ಜನಿಸಿದ ನೆಲವೆಂದು ಬಂಜಾರ ಸಮುದಾಯ ನಂಬಿರುವ ಭಾಯಾಗಡ ಇದು. ಪ್ರತಿ ಫೆಬ್ರವರಿಯಲ್ಲಿ ನಾಡಿನ ತಾಂಡಾಗಳೆಲ್ಲ ಇಲ್ಲಿಗೆ ನಡೆದು ಬರುತ್ತವೆ. ಎತ್ತುಗಳ ಬೆನ್ನ ಮೇಲೆ ಉಪ್ಪು ಧಾನ್ಯಗಳನ್ನು ಹೇರಿಕೊಂಡು ಕರಾವಳಿಗೂ ಬಯಲಿಗೂ ನಡುವೆ ಓಡಾಡಿದವರು ನಿಮ್ಮ ಪೂರ್ವಿಕರು. ಲಂಬಾಣಿ ಎಂಬ ಹೆಸರು ಲವಣದಿಂದಲೇ ಬಂದಿತೆನ್ನುವವರಿದ್ದಾರೆ. ಎರಡು ನಾಡುಗಳಿಗೆ ಒಂದರಲ್ಲಿಲ್ಲದ್ದನ್ನು ಇನ್ನೊಂದರಿಂದ ತಂದುಕೊಟ್ಟು ಬದುಕಿದ ಜನ. ಬ್ರಿಟಿಷರ ಕಾಲದಲ್ಲಿ ಗಾಡಿರಸ್ತೆ, ರೈಲುಗಳು ಬಂದು ಆ ವ್ಯಾಪಾರ ಮುರಿಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ನೆರಳೂ ಕೆಲವು ಕಡೆ ಅವರ ಮೇಲೆ ಬಿತ್ತು. ನೆಲೆನಿಂತಾಗ ಸಿಕ್ಕಿದ್ದು ಊರ ಹೊರಗಿನ, ಕಾಡೂ ಹೊಲವೂ ಸೇರುವ ಜಾಗ.

2006ರ ಅರಣ್ಯಹಕ್ಕು ಕಾಯಿದೆ ಬಂದಾಗ ಆ ಜಾಗದಲ್ಲೇ ಒಂದು ಗೆರೆ ಬಿತ್ತು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯಭೂಮಿಯಲ್ಲಿದ್ದುದನ್ನು ತೋರಿಸಿದರೆ ಸಾಕು. ಉಳಿದ ಪಾರಂಪರಿಕ ಅರಣ್ಯವಾಸಿಗಳು ಅದಕ್ಕೂ ಹಿಂದಿನ ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕು. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯವರು, ಆದ್ದರಿಂದ ಎರಡನೆಯ ಸಾಲಿಗೆ ಬರುತ್ತಾರೆ. ನಡೆಯುವುದನ್ನೇ ಬದುಕಾಗಿಸಿಕೊಂಡಿದ್ದವರ ಬಳಿ ಒಂದೇ ಕಡೆ ನಿಂತ 75 ವರ್ಷಗಳ ಕಾಗದವನ್ನು ಕೇಳುವುದು ಎಷ್ಟು ಸರಿ? ತಾಂಡಾಗಳನ್ನು ಕಂದಾಯ ಗ್ರಾಮಗಳಾಗಿಸಿ ಹಕ್ಕುಪತ್ರ ಕೊಡುವ ಕೆಲಸ ರಾಜ್ಯದಲ್ಲಿ ನಡೆದಿದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಮನೆಯ ನೆಲದ ಹಕ್ಕುಪತ್ರ ಹಂಚಲಾಯಿತು. ಅದು ಮನೆಯ ನೆಲದ ಮಾತಾಯಿತು. ಕಾಡಂಚಿನ ಉಳುವ ನೆಲದ ಪ್ರಶ್ನೆ ಬೇರೆ. ಪರಿಸರದ ಕೆಲಸ ಮಾಡುವ ನಾವು, ಕಾಡಂಚನ್ನು ಉಳಿಸಿ ಎನ್ನುವಾಗ ಆ ಅಂಚಿನಲ್ಲಿರುವ ಮನೆಗಳನ್ನು ಕಾಣದಂತೆ ಮಾತನಾಡಿದ್ದುಂಟು. ಆ ಟೀಕೆ ನನಗೂ ಸಲ್ಲುತ್ತದೆ.

ಇಲ್ಲಿ ಕುಳಿತಿರುವ ತಾಯಂದಿರಲ್ಲಿ ಒಬ್ಬರು ಫೇಟಿಯಾ, ಕಾಂಚಳಿ ತೊಟ್ಟು ಬಂದಿದ್ದಾರೆ. ಬೆಳಗಿನಿಂದ ಅವರ ಫೇಟಿಯಾದ ಅಂಚನ್ನೇ ನೋಡುತ್ತಿದ್ದೇನೆ, ಕ್ಷಮಿಸಬೇಕು. ಎಲ್ಲಕ್ಕಿಂತ ಹೆಚ್ಚು ಹೊಲಿಗೆ ಬಿದ್ದಿರುವುದು ಆ ಅಂಚಿಗೇ. ‘ಏಕಮ್ಮ ಹೀಗೆ?’ ಎಂದು ಮಧ್ಯಾಹ್ನ ಕೇಳಿದೆ. ‘ಬಟ್ಟೆ ಹರಿಯೋದು ಅಲ್ಲಿಂದಲೇ ಅಲ್ವಾ ಸಾರ್’ ಎಂದರು.

ನಾಳೆ ಬೆಳಿಗ್ಗೆ ಆರೂವರೆಗೆ ಎಲ್ಲರೂ ಇಲ್ಲಿ ಸೇರಬೇಕು. ಬಿಸಿಲೇರುವ ಮೊದಲು ಹಳ್ಳದ ದಂಡೆಯಿಂದ ಹೊರಟು ಹೊಲ ದಾಟಿ ಕಾಡಿನ ಒಳಕ್ಕೆ 50 ಮೀಟರಿನವರೆಗೆ ನೇರವಾಗಿ ಒಂದು ಹಗ್ಗ ಎಳೆಯುತ್ತೇವೆ. ಪ್ರತಿ 5 ಮೀಟರಿಗೊಮ್ಮೆ ನಿಂತು ಅಲ್ಲಿರುವ ಗಿಡ, ಹುಲ್ಲು, ಹುಳುಗಳ ಹೆಸರನ್ನು ಬರೆದುಕೊಳ್ಳಬೇಕು. ಶಾಸ್ತ್ರೀಯ ಹೆಸರು ಬೇಡ. ಕನ್ನಡದಲ್ಲೋ ಲಂಬಾಣಿಯಲ್ಲೋ ನಿಮ್ಮ ಮನೆಯಲ್ಲಿ ಕರೆಯುವ ಹೆಸರೇ ಇರಲಿ. ಹೆಸರು ತಿಳಿಯದಿದ್ದರೆ ಹಿರಿಯರು ಜೊತೆಗಿರುತ್ತಾರೆ. ತುಂಬುತೋಳಿನ ಅಂಗಿ ಹಾಕಿಕೊಂಡು ಬನ್ನಿ, ಉಣುಗು ಇರಬಹುದು.